ಡೈರಿ ಸಾಲಿನಲ್ಲಿ ಕೊಟ್ಟ ರಕ್ತ

ಹಾಲು ಚೆಲ್ಲಿದ ಸಿಮೆಂಟು ನೆಲಕ್ಕೆ ಬಿಸಿನೀರು ಹೊಯ್ದಾಗ ಒಂದು ವಾಸನೆ ಏಳುತ್ತದೆ. ಪರಿಮಳ ಎಂದರೆ ಸುಳ್ಳಾಗುತ್ತದೆ, ನಾತ ಎಂದರೆ ಡೈರಿಯವರು ಮುನಿಸಿಕೊಳ್ಳುತ್ತಾರೆ. ಹೋದ ತಿಂಗಳು ಅಣ್ಣನ ಮಗಳ ನಾಮಕರಣಕ್ಕೆಂದು ಕಡೂರಿಗೆ ಹೋಗಿದ್ದೆ. ಬೆಳಿಗ್ಗೆ ಹಾಲು ತರಲು ಹೊರಟವಳ ಮೂಗಿಗೆ ಆ ವಾಸನೆ ಬಡಿದು, ಪಾತ್ರೆ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟೆ. ಬೇರೆಯವರಿಗೆ ಅದರಿಂದ ಹಾಲು ನೆನಪಾಗಬಹುದು. ನನಗೆ ರಕ್ತ ನೆನಪಾಗುತ್ತದೆ. ಹೀಗೆಂದರೆ ಕೇಳಿದವರು ಹೆದರುತ್ತಾರೆ, ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಎಮ್ಮೆಸ್ಸಿ ಬಯೋಕೆಮಿಸ್ಟ್ರಿ ಮುಗಿಸಿದ ವರ್ಷ ನನಗೊಂದು ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಕ್ಕಿತು. ಬಿಳಿ ಕೋಟು, ತಣ್ಣನೆಯ ಪ್ರಯೋಗಾಲಯ, ಗಾಜಿನ ಬಾಗಿಲು ಎಂದೆಲ್ಲ ಕನಸು ಕಂಡಿದ್ದೆ. ಅವರು ನನ್ನನ್ನು ಹಾಕಿದ್ದು ನನ್ನ ಊರಿನ ಕಡೆಗೇ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳನ್ನು ಸುತ್ತಿ ರಕ್ತ ಸಂಗ್ರಹಿಸಿಕೊಂಡು ಬರುವುದು ಕೆಲಸ. ಇಷ್ಟು ಓದಿಸಿದ್ದು ಹಳ್ಳಿ ಹಳ್ಳಿ ತಿರುಗಿ ಸೂಜಿ ಚುಚ್ಚುವುದಕ್ಕಾ ಎಂದು ಅಮ್ಮ ವಾರಗಟ್ಟಲೆ ಗೊಣಗಿದಳು. ನಾನೂ ಹಟಮಾರಿ. ಚುಚ್ಚುವುದೇ ಆದರೆ ಈ ಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಚುಚ್ಚಬಾರದು ಎಂದುಕೊಂಡು ಜೀಪು ಹತ್ತಿದೆ.

ಯೋಜನೆ ಇದ್ದದ್ದು ಲಿವರ್ ಕ್ಯಾನ್ಸರ್ ಬಗ್ಗೆ. ಲಿವರಿನಲ್ಲಿ ಗಂಟು ಕಟ್ಟುವ ಹೊತ್ತಿಗೇ, ಒಮ್ಮೊಮ್ಮೆ ಅದಕ್ಕೂ ಮುಂಚೆಯೇ, ರಕ್ತದಲ್ಲಿ ಕೆಲವು ಪ್ರೋಟೀನುಗಳು ಏರುಪೇರಾಗುತ್ತವೆ. ಯಾವುದು ಮೊದಲು ಏರುತ್ತದೆ, ಯಾವುದರ ಮಾತು ನಂಬಬಹುದು, ಯಾವುದು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ ಎಂದು ತಿಳಿಯಬೇಕು. ಅದಕ್ಕೆ ಕಾಯಿಲೆ ಬಂದವರ ರಕ್ತ ಇದ್ದರೆ ಸಾಲದು, ಬರುವುದಕ್ಕೆ ಮೊದಲಿನ ರಕ್ತವೂ ಬೇಕು. ಹಾಗಾಗಿ ಹೆಪಟೈಟಿಸ್ ಬಿ ವೈರಸ್ಸನ್ನು ಒಳಗಿಟ್ಟುಕೊಂಡೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರನ್ನು ಹುಡುಕಿ, ಆರು ತಿಂಗಳಿಗೊಮ್ಮೆ ಅವರ ರಕ್ತ ತೆಗೆದು, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ರಕ್ತದ ತಿಳಿಯನ್ನು ಡೀಪ್ ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೈಯಲ್ಲಿ ಏನೂ ನೋವಿಲ್ಲದ ಮನುಷ್ಯನ ಮುಂದೆ ಹೋಗಿ ತೋಳು ಕೊಡಿ ಎನ್ನುವ ಕೆಲಸ ಎಷ್ಟು ಕಷ್ಟ ಎಂಬುದು ನನಗೆ ಆ ಮಳೆಗಾಲದಲ್ಲಿ ಗೊತ್ತಾಯಿತು.

ತರೀಕೆರೆಯಲ್ಲಿ ಕೊಡೆ ಬಿಚ್ಚಿದರೆ ಕಡೂರಿಗೆ ಬರುವಷ್ಟರಲ್ಲಿ ಮುಖಕ್ಕೆ ದೂಳು ಹೊಡೆಯುತ್ತಿತ್ತು. ಅಜ್ಜಂಪುರದಾಚೆ ಎರೆಮಣ್ಣು ಜೀಪಿನ ಚಕ್ರ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ದಾಟಿ ಹೋಗಿ ಶಾಲೆಯ ಜಗುಲಿಯಲ್ಲಿ ಮೇಜು ಹಾಕಿ ಕೂತರೆ ನೊಣ ಬಿಟ್ಟು ಇನ್ನಾರೂ ಬರುತ್ತಿರಲಿಲ್ಲ. ಸೋಮವಾರ ಶಿವನ ವಾರ, ರಕ್ತ ಕೊಡುವುದಿಲ್ಲ. ಮಂಗಳವಾರ ಮನೆಯಿಂದ ಏನನ್ನೂ ಆಚೆ ಕೊಡುವುದಿಲ್ಲ. ಅಮಾವಾಸ್ಯೆ ಹಿಂದೆ ಮುಂದೆ ಕೇಳುವುದೇ ಬೇಡ. ಉಳಿದ ದಿನ ಬಂದವರು ಮುದ್ದೆ ಉಂಡು ಬಂದಿರುತ್ತಿದ್ದರು, ನಮಗೆ ಬೇಕಾದದ್ದು ಖಾಲಿ ಹೊಟ್ಟೆಯ ರಕ್ತ.

ದಾರಿ ತೋರಿಸಿದ್ದು ಅಜ್ಜಂಪುರದಿಂದಾಚೆಯ ಒಂದು ಊರಿನ ಹಾಲಿನ ಡೈರಿ. ಅಲ್ಲಿ ಮಂಜಕ್ಕ ಎಂಬಾಕೆ ಸೆಕ್ರೆಟರಿ. ಒಂದು ಬೆಳಿಗ್ಗೆ ಜೀಪು ಕೆಟ್ಟು ಡೈರಿಯ ಮುಂದೆ ನಿಂತಾಗ, ಇಡೀ ಊರು ಕ್ಯಾನು ಹಿಡಿದು ಸಾಲು ನಿಂತಿದ್ದನ್ನು ನೋಡಿದೆ. ಹಲ್ಲುಜ್ಜಿ ನೇರ ಕೊಟ್ಟಿಗೆಗೆ ಹೋಗಿ, ಅಲ್ಲಿಂದ ನೇರ ಇಲ್ಲಿಗೆ ಬಂದವರು. ಕಾಫಿ ಕೂಡ ಕುಡಿದಿರಲಿಲ್ಲ. ಸೋಮವಾರವೆಂದು ಹಾಲು ಹಾಕದೆ ಇದ್ದವರು ಯಾರೂ ಇರಲಿಲ್ಲ. ಮಂಜಕ್ಕನನ್ನು ಕೇಳಿಕೊಂಡೆ. ಆಕೆ ಫ್ಯಾಟ್ ನೋಡುವ ಯಂತ್ರದ ಪಕ್ಕದಲ್ಲೇ ನನಗೊಂದು ಮೇಜು ಹಾಕಿಕೊಟ್ಟಳು. ಹಾಲು ಅಳೆಸಿ, ಅದರ ಮಾದರಿ ಕೊಟ್ಟು, ಎರಡು ಹೆಜ್ಜೆ ಮುಂದೆ ಬಂದರೆ ನನ್ನ ಕುರ್ಚಿ. ಹಸುಂದು ಆಯ್ತು, ಈಗ ಯಜಮಾನ್ರುದ್ದು ಎಂದು ಮಂಜಕ್ಕ ಕೂಗುತ್ತಿದ್ದಳು. ಸಾಲಿನಲ್ಲಿದ್ದವರು ನಕ್ಕು ತೋಳು ಚಾಚುತ್ತಿದ್ದರು. ಸುದ್ದಿ ಹರಡಿ, ಉಳಿದ ಊರಿನವರೂ ನಮ್ಮ ಡೈರಿಗೂ ಬನ್ನಿ ಎಂದು ಕರೆಯತೊಡಗಿದರು. ಪ್ರಯೋಗಾಲಯದಲ್ಲಿ ಕೂತಿದ್ದ ದೊಡ್ಡವರು ಇದನ್ನು ಕೇಳಿ ನಕ್ಕರೂ, ನಾನು ಕಳಿಸುತ್ತಿದ್ದ ಐಸ್ ಪೆಟ್ಟಿಗೆಗಳನ್ನು ನೋಡಿ ಸುಮ್ಮನಾದರು. ಅದು ನನ್ನ ಉಪಾಯ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ, ನಾಚಿಕೆಯಿಲ್ಲ.

ಆ ಸಾಲಿನಲ್ಲಿ ಮೊದಲು ತೋಳು ಚಾಚಿದವರು ಕರಿಬಸಪ್ಪನವರು. ವಯಸ್ಸು ಅರವತ್ತರ ಹತ್ತಿರ. ಎರಡು ಹಸು, ಒಂದಿಷ್ಟು ರಾಗಿ, ಈರುಳ್ಳಿ. ಇವೆಲ್ಲಕ್ಕಿಂತ ಹೆಚ್ಚಾಗಿ ವೀರಗಾಸೆಯವರು. ಕಾರ್ತಿಕದಲ್ಲಿ ಕತ್ತಿ ಹಿಡಿದು ಕುಣಿಯುತ್ತ ವೀರಭದ್ರನನ್ನು ಹೊಗಳುವ ಒಡಪು ಹೇಳಿದರೆ ಪಕ್ಕದ ಊರಿಗೆ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಮೊದಲ ಸುತ್ತಿನಲ್ಲೇ ಅವರ ರಕ್ತದಲ್ಲಿ ವೈರಸ್ ಕಂಡಿತು, ಲಿವರ್ ಸ್ವಲ್ಪ ಗಡುಸಾಗಿದೆ ಎಂದೂ ತಿಳಿಯಿತು. ಸ್ಕ್ಯಾನಿನಲ್ಲಿ ಗಂಟುಗಿಂಟು ಏನೂ ಇರಲಿಲ್ಲ. ನಮ್ಮ ಡಾಕ್ಟರು ವೈರಸ್ಸನ್ನು ಹತ್ತಿಕ್ಕಲು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಕರಿಬಸಪ್ಪನವರು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು.

ಎರಡನೇ ಸುತ್ತು ಬಂದಾಗ ಚಳಿಗಾಲ. ಡೈರಿಯ ದೀಪದ ಸುತ್ತ ಮಂಜು ಕಟ್ಟಿರುತ್ತಿತ್ತು. ಕಂಬಳಿಯೊಳಗಿಂದ ತೋಳು ಹೊರಗೆ ತೆಗೆಯಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ರಸ್ತೆಯ ಮೇಲೆ ರಾಗಿ ತೆನೆ ಹರಡಿ, ಹೋಗುವ ಬರುವ ಗಾಡಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಜೀಪು ಕಂಡರೆ, ಇನ್ನೊಂದು ಸಲ ಹಿಂದಕ್ಕೂ ಹೋಗಿ ಬನ್ನಿ ಎಂದು ಡ್ರೈವರನ ಹತ್ತಿರ ಹೇಳುತ್ತಿದ್ದರು. ಹೀಗೆ ನನ್ನ ಸಂಶೋಧನೆ ಆ ವರ್ಷ ಸುಮಾರು ರಾಗಿಯನ್ನೂ ಒಕ್ಕಿತು.

ಆ ಸುತ್ತಿನ ರಕ್ತದಲ್ಲಿ ಕರಿಬಸಪ್ಪನವರ ಒಂದು ಪ್ರೋಟೀನು ಏರಿತ್ತು. ಆಲ್ಫಾ ಫೀಟೋಪ್ರೋಟೀನ್ ಎಂದು ಅದರ ಹೆಸರು. ಸ್ವಲ್ಪ ಅಲ್ಲ, ಇರಬೇಕಾದದ್ದರ ಹಲವು ಪಟ್ಟು. ಅದರ ಜೊತೆಗೆ ನೋಡುತ್ತಿದ್ದ ಇನ್ನೊಂದು ಪ್ರೋಟೀನೂ ಮೇಲಕ್ಕೆ ಹೊರಟಿತ್ತು. ಬೇರೆ ಕಾರಣಕ್ಕೂ ಹೀಗಾಗಬಹುದು, ಆದರೆ ಸಿ.ಟಿ. ಸ್ಕ್ಯಾನ್ ಮಾಡಿಸದೆ ಬಿಡಬಾರದು, ತಡ ಮಾಡಬೇಡ ಎಂದು ನಮ್ಮ ಡಾಕ್ಟರು ಹೇಳಿದರು. ನಾನು ಫೋನು ಮಾಡಿ, ನಿಮ್ಮ ರಕ್ತದಲ್ಲಿ ಒಂದು ಪ್ರೋಟೀನು ಜಾಸ್ತಿ ಬಂದಿದೆ, ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು ಎಂದೆ. ಬಹಳ ಸಂತೋಷ ಕಣಮ್ಮ ಎಂದು ಫೋನಿಟ್ಟರು. ಸಂತೋಷ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ವಾರ ಕಳೆಯಿತು, ಅವರು ಬರಲಿಲ್ಲ. ಡೈರಿಗೆ ಹೋದೆ. ಮಂಜಕ್ಕ ನಗುತ್ತಾ ಹೇಳಿದಳು, ಕರಿಬಸಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ, ಇಡೀ ಊರಿಗೆ ತನ್ನ ರಕ್ತದಲ್ಲೇ ಪ್ರೋಟೀನು ಜಾಸ್ತಿಯಂತೆ. ಫೋನಿನಲ್ಲಿ ಅವರು ಹೇಳಿದ ಸಂತೋಷ ನನಗೆ ಆಗ ಅರ್ಥವಾಯಿತು. ಮತ್ತೆ ಯೋಚಿಸಿದರೆ ಅವರ ಲೆಕ್ಕದಲ್ಲಿ ತಪ್ಪೇನಿತ್ತು? ನಾನು ಕೂತಿದ್ದದ್ದು ಫ್ಯಾಟ್ ಯಂತ್ರದ ಪಕ್ಕದಲ್ಲಿ. ಆ ಕಟ್ಟಡದಲ್ಲಿ ಯಾವ ಅಂಕಿ ಮೇಲೆ ಹೋದರೂ ಅದು ಒಳ್ಳೆಯದೇ. ಹಾಲಿನಲ್ಲಿ ಫ್ಯಾಟ್ ಏರಿದರೆ ದರ ಏರುತ್ತದೆ, ಇಳಿದರೆ ಮುಖ ಇಳಿಯುತ್ತದೆ. ಮೇಲಾಗಿ ಟೀವಿಯಲ್ಲಿ ಬೆಳಗಾದರೆ ಪ್ರೋಟೀನು ತಿನ್ನಿ, ಪ್ರೋಟೀನು ಕುಡಿಯಿರಿ ಎನ್ನುತ್ತಾರೆ. ಈ ಡೈರಿಯ ಸಾಲಿನವರಿಗಲ್ಲದೆ ಇನ್ನಾರಿಗೂ ಇಂಥ ತಪ್ಪು ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ನೇರ ಅವರ ಮನೆಗೆ ಹೋದೆ. ಕರಿಬಸಪ್ಪನವರು ಅಂಗಳದಲ್ಲಿ ರಾಗಿ ತೂರುತ್ತಿದ್ದರು. ನನ್ನನ್ನು ಕಂಡು ಎದೆಯುಬ್ಬಿಸಿ ಬಂದರು. ಜನ ಡಬ್ಬಿ ಪುಡಿ ತಂದು ಕುಡಿಯುತ್ತಾರೆ, ತನಗೆ ದೇವರೇ ರಕ್ತದಲ್ಲಿ ಇಟ್ಟಿದ್ದಾನೆ, ಇನ್ನು ಸ್ಕ್ಯಾನು ಯಾಕೆ ಎಂದರು. ಕಾಯಿಲೆಯ ಸಂಶಯ ಎಂದು ನಾನು ಹೇಳಿದರೆ, ನೋವಿಲ್ಲ, ಜ್ವರವಿಲ್ಲ, ಮೊನ್ನೆ ತಾನೇ ಗಂಟೆಗಟ್ಟಲೆ ಕುಣಿದಿದ್ದೇನೆ ಎಂದು ತೋಳು ಮಡಚಿ ತೋರಿಸಿದರು. ನಾನು ಪುಸ್ತಕದ ಭಾಷೆಯಲ್ಲಿ ಏನೇನೋ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಅಷ್ಟರಲ್ಲಿ ಅವರ ಹೆಂಡತಿ ಗಿರಿಜಮ್ಮ ತಟ್ಟೆಯಲ್ಲಿ ಗಿಣ್ಣು ತಂದಿಟ್ಟರು. ಅವರ ಕೆಂದ ಹಸು ಕರು ಹಾಕಿತ್ತಂತೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು ಇನ್ನೂ ಬಿಸಿಯಾಗಿತ್ತು. ಒಂದು ತುಂಡು ಬಾಯಿಗಿಟ್ಟುಕೊಂಡೆ ನೋಡಿ, ಎಮ್ಮೆಸ್ಸಿಯಲ್ಲಿ ಹೊಳೆಯದೇ ಇದ್ದದ್ದು ಹೊಳೆಯಿತು.

“ಈ ಗಿಣ್ಣು ಹಾಲ್ನ ಡೈರಿಗೆ ಯಾಕೆ ಹಾಕಲ್ಲ ನೀವು?” ಎಂದು ಕರಿಬಸಪ್ಪನವರನ್ನು ಕೇಳಿದೆ.

“ಅವ್ರು ತಗಳಲ್ಲ ಕಣಮ್ಮ. ಕಾಸಿದ್ರೆ ಒಡೀತದೆ. ನಾಕೈದು ದಿನ ಅಷ್ಟೇ, ಆಮೇಲೆ ತಾನೇ ನಿಂತೋಯ್ತದೆ.”

“ಆರು ತಿಂಗ್ಳಿಂದ ಕರೀತಿರೋ ಹಸ ಒಂದಿನ ಇದ್ದಕ್ಕಿದ್ದಂಗೆ ಗಿಣ್ಣು ಕೊಟ್ರೆ?”

ಅವರು ಮೊರವನ್ನು ಕೆಳಗಿಟ್ಟರು. “ಹಂಗೆಲ್ಲಾದ್ರೂ ಆಗ್ತದಾ? ಆದ್ರೆ ಏನೋ ಕೆಟ್ಟೈತೆ ಅಂತ್ಲೇ. ಡಾಕ್ಟ್ರುನ್ನ ಕರೀಬೇಕು.”

“ನಿಮ್ಮ ರಕ್ತದಲ್ಲಿ ಏರಿರೋದು ಅಂಥದ್ದೇ ಅಣ್ಣ. ತಾಯಿ ಹೊಟ್ಟೇಲಿರೋವಾಗ ಮಗುವಿನ ಲಿವರ್ ಮಾಡೋ ಪ್ರೋಟೀನು ಅದು. ಹುಟ್ಟಿದ ಮೇಲೆ ತಾನೇ ಇಳಿದು ಹೋಗ್ತದೆ. ಈ ವಯಸ್ಸಲ್ಲಿ ನಿಮಗೆ ಮತ್ತೆ ಬಂದೈತೆ.”

ಅವರಿಗೆ ಅರ್ಥವಾಗಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅರ್ಥವಾಗಿದ್ದರಿಂದಲೇ ಇನ್ನೊಂದು ತೊಡಕು ಎದ್ದಿತು. ಅಲ್ಲಿಯತನಕ ಅವರ ಮಟ್ಟಿಗೆ ಅದು ರಕ್ತದ ಮಾತು, ಈಗ ನಾನು ಲಿವರ್ ಎಂದಿದ್ದೆ. ನಮ್ಮ ಕಡೆ ಲಿವರ್ ಹೋಯಿತು ಎಂದರೆ ಒಂದೇ ಅರ್ಥ, ಕುಡಿದು ಹಾಳಾದ ಎಂದು. ಕರಿಬಸಪ್ಪನವರು ಹೆಂಡದ ಅಂಗಡಿಯ ನೆರಳು ತುಳಿದವರಲ್ಲ. ಕೊರಳಲ್ಲಿ ಲಿಂಗ, ಮಠದಲ್ಲಿ ಮರ್ಯಾದೆ. ವೈರಸ್ಸಿನಿಂದಲೂ ಲಿವರ್ ಕೆಡುತ್ತದೆ, ಹುಟ್ಟುವಾಗಲೇ ಬಂದಿರಬಹುದು, ಯಾವತ್ತೋ ಸರಿಯಾಗಿ ಕುದಿಸದ ಸೂಜಿಯಿಂದ ಬಂದಿರಬಹುದು ಎಂದು ನಾನು ಬಿಡಿಸಿ ಹೇಳಿದೆ. ನಿಮಗೆ ಗೊತ್ತು, ಊರಿಗೆ ಗೊತ್ತಾ ಎಂದು ಕೇಳಿದರು. ಲಿವರ್ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ನಾಳೆ ವೀರಭದ್ರನ ಮುಂದೆ ಯಾವ ಮುಖದಲ್ಲಿ ಒಡಪು ಹೇಳಲಿ ಎಂದು ಮೊರ ಎತ್ತಿಕೊಂಡು ಮತ್ತೆ ರಾಗಿ ತೂರಲು ಹೊರಟರು. ನನಗೆ ಅಳು ಬಂತು. ಒಬ್ಬ ಮನುಷ್ಯ ಕಣ್ಣೆದುರೇ ಕೈ ಜಾರಿ ಹೋಗುತ್ತಿದ್ದ, ಅದೂ ಮಾನವಂತನಾಗಿದ್ದ ತಪ್ಪಿಗೆ.

ಅಲ್ಲಿಯತನಕ ಬಾಗಿಲಿಗೆ ಒರಗಿ ನಿಂತಿದ್ದ ಗಿರಿಜಮ್ಮ ಆಗ ಮಾತಾಡಿದರು. ದನಿ ಏರಿಸಲಿಲ್ಲ.

“ಕುಡುಕ ಅನ್ನಿಸ್ಕಂಡಾದ್ರೂ ಬದ್ಕಿರಿ. ಒಳ್ಳೇನು ಅನ್ನಿಸ್ಕಂಡು ಹೋಗ್ಬಿಟ್ರೆ ನಂಗೇನು ಬಂತು?”

ಕರಿಬಸಪ್ಪನವರ ಕೈಯಲ್ಲಿ ಮೊರ ಹಾಗೆಯೇ ನಿಂತಿತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಊರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಕೂಡದು. ದಾವಣಗೆರೆಯ ಮಗಳ ಮನೆಗೆ ಹೋಗುತ್ತಿದ್ದೇನೆ ಎಂದು ಹೇಳಿ ಹೊರಟರು. ಜೀಪು ಬೇಡವೆಂದರು. ಅಜ್ಜಂಪುರದಿಂದ ಬಸ್ಸು ಹಿಡಿದು, ನಮ್ಮನ್ನು ಕಂಡೂ ಕಾಣದವರ ಹಾಗೆ ಆಸ್ಪತ್ರೆಯ ಗೇಟಿನಲ್ಲಿ ಸೇರಿಕೊಂಡರು.

ಸ್ಕ್ಯಾನಿನ ಕೋಣೆಯ ಹೊರಗೆ ಕೂತಿದ್ದಾಗ ನನ್ನ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಏನೂ ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಏನೂ ಇಲ್ಲದಿದ್ದು ಸುದ್ದಿ ಹೇಗೋ ಹೊರಬಿದ್ದರೆ, ಸುಮ್ಮನೆ ಹೆದರಿಸಿ ಮಾನ ಕಳೆದಳು ಎಂದು ಆ ಊರು ನನ್ನನ್ನು ಮತ್ತೆ ಡೈರಿಗೆ ಸೇರಿಸುತ್ತಿರಲಿಲ್ಲ. ಡಾಕ್ಟರು ಚಿತ್ರ ತೋರಿಸಿದರು. ಲಿವರಿನ ಒಂದು ಅಂಚಿನಲ್ಲಿ ಗಂಟು, ಅಡಿಕೆಗಿಂತ ಕೊಂಚ ದೊಡ್ಡದು. ಕ್ಯಾನ್ಸರೇ ಎಂದರು. ಒಂದೇ ಗಂಟು, ಬೇರೆಲ್ಲೂ ಹರಡಿಲ್ಲ, ಉಳಿದ ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಕತ್ತರಿಸಿ ತೆಗೆಯಬಹುದು ಎಂದೂ ಹೇಳಿದರು. ನೋವು ಬರಲಿ ಎಂದು ಕಾದವರು ನಮ್ಮ ಹತ್ತಿರ ಬರುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ, ನೀನು ಕುಣಿಯುತ್ತಿದ್ದವನನ್ನೇ ಕರೆದುಕೊಂಡು ಬಂದಿದ್ದೀಯಲ್ಲ ಎಂದು ನನ್ನ ಬೆನ್ನು ತಟ್ಟಿದರು. ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೂ ನನಗೆ ಹೆಮ್ಮೆಯಾಯಿತು. ಯಾಕೆ ಮುಚ್ಚಿಡಲಿ, ಹೆಮ್ಮೆಯೇ ಆಯಿತು. ಆಮೇಲೆ ಹೊರಗೆ ಹೋಗಿ ಅತ್ತೆ.

ಆಪರೇಷನ್ನಿಗೆ ಹೊರಡುವ ದಿನ ಬೆಳಿಗ್ಗೆ ಕರಿಬಸಪ್ಪನವರು ಮನೆಯಲ್ಲಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ, ಗಿರಿಜಮ್ಮ ಹಾಲು ಹಾಕಲು ಡೈರಿಗೆ ಬಂದರು. ನಾನು ನನ್ನ ಮೇಜಿನಲ್ಲಿದ್ದೆ. ಯಜಮಾನರು ಎಲ್ಲಿ, ಮತ್ತೆ ಮಗಳ ಮನೆಗಾ ಎಂದು ಮಂಜಕ್ಕ ಕೇಳಿದಳು. ಗಿರಿಜಮ್ಮ ಕ್ಯಾನು ಕೆಳಗಿಟ್ಟು ಸಾಲಿನ ಕಡೆ ತಿರುಗಿದರು. “ಅವ್ರ ಲಿವರಲ್ಲಿ ಗಂಟಾಗೈತೆ. ಆಪರೇಷನ್ ಮಾಡಿಸ್ತಾ ಇದೀವಿ. ಅವ್ರು ಕುಡ್ದೋರಲ್ಲ ಅಂತ ನಿಮಗೆಲ್ಲ ಗೊತ್ತು. ಈ ಹುಡುಗಿ ರಕ್ತ ತಗಂಡಿದ್ದುಕ್ಕೆ ಗೊತ್ತಾಯ್ತು.” ಅಷ್ಟು ಹೇಳಿ ಸೆರಗು ಸರಿ ಮಾಡಿಕೊಂಡು, ತಾವು ಬರುವವರೆಗೆ ಹಸು ನೋಡಿಕೊಳ್ಳುವಂತೆ ಪಕ್ಕದ ಮನೆಯವರಿಗೆ ಒಪ್ಪಿಸಿ ಹೋದರು. ಆಮೇಲೆ ಸಾಲಿನವರು ಒಬ್ಬೊಬ್ಬರಾಗಿ ನನ್ನ ಕುರ್ಚಿಗೆ ಬಂದರು. ಅಲ್ಲಿಯತನಕ ಸೂಜಿ ಎಂದರೆ ಹತ್ತಿರ ಸುಳಿಯದಿದ್ದವರೂ ಅವತ್ತು ಕಂಬಳಿ ಸರಿಸಿದರು. ತಂದಿದ್ದ ನಳಿಕೆಗಳೆಲ್ಲ ಮುಗಿದು, ಉಳಿದವರಿಗೆ ನಾಳೆ ಬನ್ನಿ ಎನ್ನಬೇಕಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ಕರಿಬಸಪ್ಪನವರನ್ನು ವಾರ್ಡಿಗೆ ತಂದ ಮೇಲೆ ಊರಿನಿಂದ ಒಂದು ಟೆಂಪೋ ತುಂಬ ಜನ ನೋಡಲು ಬಂದರು. ಅವರನ್ನೆಲ್ಲ ಕಂಡು ಕರಿಬಸಪ್ಪನವರ ಮುಖ ಕಪ್ಪಿಟ್ಟಿತು. ಗುಟ್ಟು ರಟ್ಟಾಗಿದ್ದು ಅವರಿಗೆ ಗೊತ್ತಾದದ್ದೇ ಆಗ. ಬಂದವರಲ್ಲಿ ಯಾರೂ ಕುಡಿತದ ಮಾತೆತ್ತಲಿಲ್ಲ. ವೀರಗಾಸೆ ತಂಡದವರೊಬ್ಬರು ವಿಭೂತಿ ತಂದು ಹಣೆಗಿಟ್ಟು, ಬೇಗ ಬಾರಪ್ಪ, ನೀನಿಲ್ಲದೆ ನಮಗೆ ಒಡಪು ಎತ್ತಿಕೊಡೋರಿಲ್ಲ ಎಂದರು. ಆ ಮಾತಿಗೆ ಅವರು ಹೊಲಿಗೆಯನ್ನೂ ಮರೆತು ಬಿಕ್ಕಿದರು.

ಮನೆಗೆ ಹೊರಡುವ ದಿನ ನನ್ನನ್ನು ಹತ್ತಿರ ಕರೆದರು. ತೆಗೆದ ಗಂಟನ್ನು ಏನು ಮಾಡಿದಿರಿ ಎಂದು ಕೇಳಿದರು. ನೀವೇ ಒಪ್ಪಿಗೆ ಕೊಟ್ಟಿದ್ದಿರಲ್ಲ, ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ, ನಿಮ್ಮ ಮೊದಲಿನ ರಕ್ತದ ಜೊತೆ ಇಟ್ಟು ನೋಡುತ್ತಾರೆ, ಯಾವ ಪ್ರೋಟೀನು ಯಾವಾಗ ಏರಿತು ಎಂದು ತಿಳಿದರೆ ಮುಂದೆ ಇನ್ಯಾರಿಗೋ ಇನ್ನೂ ಬೇಗ ಗೊತ್ತಾಗಬಹುದು ಎಂದೆ.

“ಅದರ ಮೇಲೆ ನಮ್ಮೂರ ಹೆಸ್ರು ಬರ್ದಿದೀರಾ?” ಎಂದರು.

ಇಲ್ಲ, ಹೆಸರು ಊರು ಯಾವುದನ್ನೂ ಬರೆಯುವ ಹಾಗಿಲ್ಲ, ಬರೀ ಒಂದು ನಂಬರು, ಯಾರೂ ನಿಮ್ಮನ್ನು ಬೆರಳು ಮಾಡಿ ತೋರಿಸಬಾರದು ಎಂದೇ ಈ ನಿಯಮ ಎಂದು ಹೇಳಿದೆ. ಯಾರಿಗೂ ಗೊತ್ತಾಗಕೂಡದು ಎಂದು ಕಂಡೂ ಕಾಣದವರ ಹಾಗೆ ಬಸ್ಸಿನಲ್ಲಿ ಬಂದಿದ್ದ ಮನುಷ್ಯನಿಗೆ ಇದರಿಂದ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು.

“ಇಡೀ ಊರು ಚಳೀಲಿ ನಿಂತ್ಕಂಡು ರಕ್ತ ಕೊಟ್ಟೈತೆ. ಯಾರು ಕೊಟ್ರು ಅಂತ ಅವ್ರಿಗೆ ಗೊತ್ತಾಗ್ಬೇಕೋ ಬ್ಯಾಡ್ವೋ?”

ನಿಯಮ ಮುರಿಯಲು ನನಗೆ ಅಧಿಕಾರವಿಲ್ಲ ಎಂದೆ. ಅವರು ಗಿರಿಜಮ್ಮನ ಭುಜ ಹಿಡಿದು ನಿಧಾನವಾಗಿ ಎದ್ದರು.

“ಅಲ್ಲಿ ಬರೀಬ್ಯಾಡಿ. ನೀವು ಹೋದ ಕಡೆ ಬಾಯ್ಬಿಟ್ಟು ಹೇಳಿ. ನನ್ನ ಹೆಸ್ರೂ ಹೇಳಿ. ಕರಿಬಸಪ್ಪ ಹೇಳು ಅಂದ ಅನ್ನಿ.”

ಕರಿಬಸಪ್ಪನವರು ಈಗಲೂ ಇದ್ದಾರೆ. ತಿಂಗಳುಗಳ ಲೆಕ್ಕ ಹಿಡಿದು ಪರೀಕ್ಷೆಗೆ ಹೋಗುತ್ತಾರೆ. ಈ ಕಾಯಿಲೆ ಮತ್ತೆ ಬರುವುದಿಲ್ಲ ಎಂದು ಮಾತು ಕೊಡಲು ನಾನು ಯಾರು? ಕಾರ್ತಿಕದಲ್ಲಿ ಕತ್ತಿಯನ್ನು ಬೇರೆಯವರಿಗೆ ಕೊಟ್ಟು ಒಡಪು ಮಾತ್ರ ತಾವೇ ಹೇಳುತ್ತಾರಂತೆ. ನಮ್ಮ ಸಂಶೋಧನೆಯೂ ಮುಗಿದಿಲ್ಲ, ಇಂಥ ಕೆಲಸ ಬೇಗ ಮುಗಿಯುವುದಿಲ್ಲ. ನಾನೀಗ ಕನಸು ಕಂಡಿದ್ದ ಗಾಜಿನ ಬಾಗಿಲಿನೊಳಗೇ ಕೂತಿದ್ದೇನೆ. ದೊಡ್ಡ ಸಭೆಗಳಲ್ಲಿ ಎದ್ದು ನಿಂತು ಮಾತಾಡುವುದೂ ಇದೆ. ಈ ರಕ್ತವೆಲ್ಲ ಎಲ್ಲಿಯದು ಎಂದು ಯಾರಾದರೂ ಕೇಳಿದರೆ, ದಕ್ಷಿಣ ಕರ್ನಾಟಕದ ಒಂದು ಗ್ರಾಮೀಣ ಪ್ರದೇಶ ಎಂದು ನಿಯಮದಂತೆ ಹೇಳಿ ಕೂತುಕೊಳ್ಳುತ್ತೇನೆ. ಇದು ಸಭೆಯಲ್ಲ. ಕರಿಬಸಪ್ಪನವರು ಹೇಳು ಎಂದಿದ್ದಾರೆ, ಹೇಳುತ್ತಿದ್ದೇನೆ. ಆ ಊರು ಅಜ್ಜಂಪುರ ತಾಲ್ಲೂಕಿನ ಸಿರಿಗೊಂಡನಕಟ್ಟೆ.